ಲೋಡಿಗೆ ಸಿಕ್ಕ ರುಮಾಲು

ಕೊಲ್ಹಾಪುರ
ಬುಧವಾರ, ೮ ಫೆಬ್ರುವರಿ ೧೯೮೯

ಲೇ ಸೋಮಣ್ಣ,

ಪತ್ರ ಬರೆಯುವವರು ಮೊದಲು ಕ್ಷೇಮ ಅಂತ ಬರೆಯಬೇಕಂತೆ. ನಾನು ಕ್ಷೇಮವೋ ಅಲ್ಲವೋ, ಪೂರ್ತಿ ಓದಿ ನೀನೇ ಹೇಳು.

ಪರಮೇಶಪ್ಪ ಸಾವುಕಾರರು ಕಡೆಗೂ ಸ್ಟೇರಿಂಗು ಕೈಗೆ ಕೊಟ್ಟರು. ಉಸ್ತಾದರ ಕೈಕೆಳಗೆ ಕಲಿಯುತ್ತ ಇಬ್ಬರೂ ಎರಡು ವರ್ಷ ಸಿಮೆಂಟಿನ ಲಾರಿ ಹೊಡೆದೆವು, ಲೈಸೆನ್ಸು ಬಂತು, ನಿನಗೆ ರಾಣೆಬೆನ್ನೂರಿನ ಗೊಬ್ಬರದ ಲಾರಿ, ನನಗೆ ಬ್ಯಾಡಗಿಯ ಮೆಣಸಿನಕಾಯಿ. ನೀನು ಸಂಜೆಗೆ ಮನೆಗೆ ಹೋಗಿ ರೊಟ್ಟಿ ತಿನ್ನುವ ಡ್ರೈವರು, ನಾನು ಮುಂಬೈ ಡ್ರೈವರು. ಹೀಗೆ ಬರೆದು ನಿನ್ನ ಹೊಟ್ಟೆ ಉರಿಸಬೇಕು ಅಂತ ಲೋಡು ಆಗುವಾಗಲೇ ಮಾತು ಜೋಡಿಸಿಟ್ಟಿದ್ದೆ. ಈಗ ಆ ಹುರುಪು ಉಳಿದಿಲ್ಲ.

ನಿನ್ನೆ ಬೆಳಿಗ್ಗೆ ಏಳಕ್ಕೆ ಬ್ಯಾಡಗಿ ಬಿಟ್ಟೆ. ನಮ್ಮ ಕ್ಲೀನರು ಹಾವೇರಿಯವನು, ನನ್ನ ಅಪ್ಪನ ವಯಸ್ಸು. ಹಿಂದಿನ ದಿನ ಮನೆಗೆ ಹೋದವನು ಹಾವೇರಿಯಲ್ಲೇ ಹತ್ತುತ್ತೇನೆ ಎಂದಿದ್ದ. ಹಾಗಾಗಿ ಅಲ್ಲಿಯವರೆಗೆ ಎಡಗಡೆ ನೋಡುವವರು ಯಾರೂ ಇರಲಿಲ್ಲ. ಹಾವೇರಿಯಲ್ಲಿ ಜೈತೂನಬಿ ಚಾಚಿಯ ಹೋಟೆಲ್ ಮುಂದೆ ನಿಲ್ಲಿಸಿ ಹಗ್ಗ ಬಿಗಿಯಾಗಿದೆಯೋ ಇಲ್ಲವೋ ನೋಡಲು ಇಳಿದೆ. ಎಡಗಡೆಯಲ್ಲಿ, ನನ್ನ ತಲೆಗಿಂತ ಒಂದು ಮೊಳ ಮೇಲೆ, ಹಗ್ಗದ ಗಂಟಿಗೆ ಒಂದು ರುಮಾಲು ಸಿಕ್ಕಿಕೊಂಡು ಜೋತಾಡುತ್ತಿತ್ತು.

ತಲೆಗೆ ಸುತ್ತುವ ಬಿಳಿ ರುಮಾಲು, ಹಳೆಯದು. ಸುತ್ತು ಪೂರ್ತಿ ಬಿಚ್ಚಿರಲಿಲ್ಲ. ಒಂದು ಮಡಿಕೆಯೊಳಗೆ ಅರ್ಧ ಸೇದಿ ಆರಿಸಿಟ್ಟ ಬೀಡಿ ಹಾಗೇ ಇತ್ತು. ಆಮೇಲೆ ಸೇದೋಣ ಎಂದು ಇಟ್ಟುಕೊಂಡಿದ್ದಾನೆ ಯಾರೋ. ರಕ್ತ ಇರಲಿಲ್ಲ, ಎರಡೆರಡು ಸಲ ತಿರುಗಿಸಿ ನೋಡಿದೆ.

ಎಲ್ಲಿ ಆಗಿರಬೇಕು ಎಂಬುದು ನನಗೆ ಗೊತ್ತು. ಮೋಟೆಬೆನ್ನೂರು ದಾಟಿ, ಕರಿಕಟ್ಟಿಗೆ ಒಳದಾರಿ ಹೊರಳುವಲ್ಲಿ ಹುಣಸೆಮರ ಇದೆಯಲ್ಲ, ಅಲ್ಲಿ ಎದುರಿಗೆ ಬಸ್ಸು ಬಂತು. ಎಡಕ್ಕೆ ಎಳೆದೆ. ಸರ್ರನೆ ಸಪ್ಪಳ ಬಂತು. ಹುಣಸೆಯ ಟೊಂಗೆ ಸವರಿತು ಎಂದುಕೊಂಡು ಹೋದೆ. ಸಿಮೆಂಟಾದರೆ ಬಾಡಿಯೊಳಗೆ ಕೂರುವ ಮಾಲು. ಮೆಣಸಿನಕಾಯಿ ಹಗುರ, ಹಲಗೆಯ ಮೇಲೆ ಎರಡಾಳು ಎತ್ತರ ಏರಿಸುತ್ತಾರೆ, ಹಗ್ಗ ಜಗ್ಗಿದಷ್ಟೂ ಚೀಲಗಳು ಪಕ್ಕಕ್ಕೆ ಉಬ್ಬುತ್ತವೆ. ನಾನು ಕನ್ನಡಿಯಲ್ಲಿ ಬಾಡಿ ನೋಡಿ ಜಾಗ ಅಳೆದೆ. ಉಬ್ಬಿದ್ದು ಲೆಕ್ಕಕ್ಕೇ ಬರಲಿಲ್ಲ. ಮೆತ್ತನೆ ಮಾಲು, ಬಡಿದರೂ ಸ್ಟೇರಿಂಗಿಗೆ ಗೊತ್ತಾಗುವುದಿಲ್ಲ.

ಹಿಂದಕ್ಕೆ ತಿರುಗಿಸಬೇಕಿತ್ತು. ಅಷ್ಟರಲ್ಲಿ ಕ್ಲೀನರು ಹತ್ತಿ, 'ಹೊತ್ತಾತು, ನಡೀ ಇನ್ನ' ಎಂದ. ರುಮಾಲನ್ನು ಸೀಟಿನ ಕೆಳಗೆ ತುರುಕಿ ನಡೆದೆ.

ನೀನು ಆ ಹಳ್ಳಿಗಳಲ್ಲೇ ತಿರುಗುವವನು. ಯಾರಿಗಾದರೂ ಪೆಟ್ಟಾಗಿದೆಯೇ, ಆ ಮನುಷ್ಯ ಇದ್ದಾನೆಯೇ, ಅಷ್ಟು ಕೇಳಿ ತಿಳಿಸು. ನನ್ನ ಹೆಸರು ಎತ್ತಬೇಡ. ಮೊದಲನೇ ಟ್ರಿಪ್ಪು, ಸಾವುಕಾರರ ಕಿವಿಗೆ ಬಿದ್ದರೆ ಇಳಿಸಿಬಿಡುತ್ತಾರೆ. ಉತ್ತರ ಚಾಚಿಯ ಹೋಟೆಲಿಗೆ ಹಾಕು.

ಉಡಚಪ್ಪ


ರಾಣೆಬೆನ್ನೂರು
೧೪ ಫೆಬ್ರುವರಿ ೧೯೮೯

ಮುಂಬೈ ಡ್ರೈವರ್ ಉಡಚಪ್ಪನವರಿಗೆ,

ಒಂದು ರುಮಾಲಿಗೆ ಇಷ್ಟುದ್ದ ಪತ್ರ! ಪಂಚೆ ಸಿಕ್ಕಿದ್ದರೆ ಪುಸ್ತಕವನ್ನೇ ಬರೆಯುತ್ತಿದ್ದೆಯೋ ಏನೋ. ಓದಿ ಬಹಳ ನಕ್ಕೆ.

ರುಮಾಲು ಗಾಳಿಗೆ ಹಾರಿ ಬಂದಿದೆ. ಯಾರೋ ಬೇಲಿಯ ಮೇಲೆ ಒಣ ಹಾಕಿದ್ದಾರೆ, ನಿನ್ನ ಲೋಡು ಎಳೆದುಕೊಂಡು ಹೋಗಿದೆ. ಬೀಡಿ ಹೇಗೆ ಬಂತು ಎಂದು ಕೇಳಬೇಡ, ಮರೆತು ಇಟ್ಟಿರುತ್ತಾರೆ. ಮೋಟೆಬೆನ್ನೂರು ಸ್ಟ್ಯಾಂಡಿನಲ್ಲಿ ಕೇಳಿದೆ, ಬೀಡಾ ಅಂಗಡಿಯಲ್ಲಿ ಕೇಳಿದೆ, ಆ ಕಡೆಯ ಎರಡು ಮೂರು ಹಳ್ಳಿಗಳಲ್ಲೂ ಕೇಳಿದೆ. ಯಾರಿಗೂ ಏನೂ ಆಗಿಲ್ಲ. ಬೀಡಾ ಅಂಗಡಿಯವನು 'ಅಂಥಾದ್ದೇನರ ಆಗಿದ್ರ ಮದಲ ನನಗ ಸುದ್ದಿ ಬರ್ತಿತ್ತು' ಎಂದ. ಅವನಿಗೆ ಗೊತ್ತಾಗದೆ ಆ ಊರಿನಲ್ಲಿ ನಾಯಿಯೂ ಬೊಗಳುವುದಿಲ್ಲ.

ಇನ್ನು ಮುಂದೆ ಉಬ್ಬು ನೋಡಿ ಹೊಡಿ. ನನ್ನಿಂದ ಕಲಿತುಕೋ. ಗೊಬ್ಬರದ ಲಾರಿ ಎಂದು ಹೀಯಾಳಿಸುತ್ತೀಯಲ್ಲ, ಎಂಥೆಂಥ ಸಣ್ಣ ಓಣಿಗಳಲ್ಲಿ ರಿವರ್ಸ್ ತೆಗೆಯುತ್ತೇನೆ, ಇಲ್ಲಿಯವರೆಗೆ ಒಂದು ಗೀರು ಬಿದ್ದಿಲ್ಲ. ನಮ್ಮ ಗೊಬ್ಬರದ ಸಾವುಕಾರರು ನನ್ನನ್ನು ಕಂಡರೆ ಚಾ ತರಿಸುತ್ತಾರೆ.

ಮುಂಬೈಯಲ್ಲಿ ಸಮುದ್ರ ನೋಡಿದೆಯಾ ಇಲ್ಲವಾ, ಅದನ್ನು ಬರಿ.

ಸೋಮಣ್ಣ


ಹಾವೇರಿ, ಚಾಚಿಯ ಹೋಟೆಲು
೨೦ ಫೆಬ್ರುವರಿ ೧೯೮೯

ಸೋಮಣ್ಣ,

ಸಮುದ್ರ ನೋಡಲಿಲ್ಲ. ಎರಡನೇ ಟ್ರಿಪ್ಪಿನಲ್ಲೂ ನೋಡಲಿಲ್ಲ. ನಾನು ನೋಡುವುದೆಲ್ಲ ಎಡಗಡೆ.

ಕೂತಲ್ಲಿ ಕೂಡಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹತ್ತು ಮೈಲಿಗೊಮ್ಮೆ ಇಳಿದು ಲೋಡಿನ ಸುತ್ತ ತಿರುಗುತ್ತೇನೆ. ಕ್ಲೀನರು 'ಏನ್ ಪ್ರದಕ್ಷಿಣಿ ಹಾಕ್ತೀಯೋ ಮಾರಾಯಾ' ಎನ್ನುತ್ತಾನೆ. ಪಕ್ಕದಲ್ಲಿ ಯಾರಾದರೂ ನಡೆಯುತ್ತಿದ್ದರೆ ರಸ್ತೆಯ ನಡುವೆಯೇ ಹೊಡೆಯುತ್ತೇನೆ, ಹಿಂದಿನವರು ಹಾರ್ನು ಬಡಿದು ಬಡಿದು ಸಾಕಾಗಿ ಬೈದು ದಾಟುತ್ತಾರೆ. ನಿಪ್ಪಾಣಿ ಹತ್ತಿರ ಎಡಗಡೆಯನ್ನೇ ನೋಡುತ್ತ ಹೋಗಿ ಬಲಗಡೆ ಎದುರಿನ ಲಾರಿಗೆ ಕನ್ನಡಿ ತಾಗಿಸಿದೆ. ಅವನದೂ ಪುಡಿ, ನನ್ನದೂ ಪುಡಿ. ಇಳಿದು ಬಂದು ಕೂಗಾಡಿದ. ಭಾಷೆ ತಿಳಿಯಲಿಲ್ಲ, ಬೈಗುಳ ಎಲ್ಲ ತಿಳಿಯಿತು. ಸಾವುಕಾರರು ಒಡೆದ ಕನ್ನಡಿ ನೋಡಿ, 'ಉಡಚಪ್ಪಾ, ಇನ್ನೊಂದ ಸಲ ಏನರ ಆತಂದ್ರ ಚಾವಿ ಮ್ಯಾಜಿನ ಮ್ಯಾಲಿಟ್ಟು ಹೋಗಿಬಿಡು' ಎಂದರು. ಅವರಿಗೆ ಗೊತ್ತಿರುವುದು ಕನ್ನಡಿ ಮಾತ್ರ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡು ಮೂರು ಹಳ್ಳಿ ಎಂದಿದ್ದೀಯ. ಯಾವ ಹಳ್ಳಿ? ಕರಿಕಟ್ಟಿಯ ಹೆಸರೇ ಅದರಲ್ಲಿಲ್ಲ. ಹುಣಸೆಮರದಿಂದ ಕರಿಕಟ್ಟಿಗೆ ಮುಕ್ಕಾಲು ಮೈಲು. ತಿಂಗಳಿಗೆ ಎರಡು ಸಲ ಅಲ್ಲಿಗೆ ಗೊಬ್ಬರ ಒಯ್ಯುವವನು ನೀನು. ಅಲ್ಲಿ ಕೇಳದೆ ಬೀಡಾ ಅಂಗಡಿಯವನನ್ನು ಯಾಕೆ ಕೇಳಿದೆ?

ನಾನೇ ಇಳಿದು ಕೇಳಬಹುದಲ್ಲ ಎಂದು ನೀನು ಅನ್ನಬಹುದು. ಹುಣಸೆಮರ ಬಂದಾಗಲೆಲ್ಲ ಕಾಲು ಬ್ರೇಕಿಗೆ ಹೋಗುತ್ತದೆ. ನಿಲ್ಲಿಸಲು ಧೈರ್ಯ ಬರುವುದಿಲ್ಲ. 'ಅವತ್ತೇ ಸತ್ತ' ಎಂದು ಯಾರಾದರೂ ಹೇಳಿಬಿಟ್ಟರೆ? ಹೆದರಿಕೆ, ಸೋಮ್ಯಾ. ಬೇರೆ ಏನೂ ಅಲ್ಲ.

ಚಾಚಿ 'ಯಾಕೋ ತಮ್ಮಾ, ಚಾ ಆರಿ ನೀರಾತಲ್ಲೋ' ಎನ್ನುತ್ತಿದ್ದಾಳೆ. ಖರೇ ಏನಿದೆಯೋ ಅದನ್ನು ಬರಿ. ಕೆಟ್ಟ ಸುದ್ದಿಯಾದರೂ ಬರಿ.

ಉಡಚಪ್ಪ


ರಾಣೆಬೆನ್ನೂರು
೨೪ ಫೆಬ್ರುವರಿ ೧೯೮೯

ಉಡಚ್ಯಾ,

ಸಿಕ್ಕ! ನಿನ್ನ ರುಮಾಲಿನವನು ಸಿಕ್ಕ. ಇನ್ನಾದರೂ ಹೊಟ್ಟೆತುಂಬ ಉಣ್ಣು.

ಕರಿಕಟ್ಟಿಯವನೇ. ಹೆಸರು ಹನುಮಪ್ಪ, ಅರವತ್ತು ದಾಟಿದೆ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮೀಸೆ. ಗೊಬ್ಬರ ಇಳಿಸುವಾಗ ಸುಮ್ಮನೆ ಮಾತು ತೆಗೆದೆ, ಹೊಸದಾಗಿ ಲಾರಿ ಕಲಿತವರು ಹೇಗೆಂದರೆ ಹಾಗೆ ಹೊಡೆಯುತ್ತಾರಂತೆ ಎಂದು. ಅವನೇ ಶುರು ಮಾಡಿದ.

'ಏ, ನಂದ ಕೇಳಿಲ್ಲಿ. ಹುಣಸಿಗಿಡದ ಕೆಳಗ ನಿಂತಿದ್ನೆಪಾ, ಒಂದು ಲಾರಿ ಬಂದು ತಲಿ ಮ್ಯಾಗಿನ ರುಮಾಲ ಎತಗೊಂಡ ಹೋತು. ತಲಿ ಬಿಟ್ಟು ಹೋಗೇತಿ, ಅಷ್ಟ ಸಾಕು!' ಎಂದು ಹೊಟ್ಟೆ ಕುಣಿಸಿ ನಕ್ಕ.

'ಸಿಟ್ಟ ಬರಲಿಲ್ಲೇನಜ್ಜಾ?' ಎಂದೆ.

'ಯಾತರ ಸಿಟ್ಟು? ಹೊಸಾದು ತಗೋರಿ ಅಂತ ನಮ್ಮಾಕಿ ಹತ್ತ ವರ್ಷದಿಂದ ಬಡಕೊಳ್ಳಾಕತ್ತಿದ್ಲು. ಲಾರಿಯಾಂವ ಪುಣ್ಯಾ ಕಟಗೊಂಡ.'

ಒಂದು ಗೀರೂ ಇಲ್ಲ ಮೈಮೇಲೆ. ಹೊಸ ರುಮಾಲು ಸುತ್ತಿಕೊಂಡು ಮದುಮಗನ ಹಾಗೆ ತಿರುಗುತ್ತಿದ್ದಾನೆ. ಆಯಿತಲ್ಲ? ಇನ್ನು ಬಲಗಡೆಯೂ ಸ್ವಲ್ಪ ನೋಡು, ಮಾರಾಯ. ಮುಂದಿನ ಪತ್ರದಲ್ಲಿ ಸಮುದ್ರ.

ಸೋಮಣ್ಣ


ಮುಂಬೈ
೪ ಮಾರ್ಚ್ ೧೯೮೯

ಪ್ರೀತಿಯ ಸೋಮಣ್ಣ,

ನೋಡಿದೆ! ಸಮುದ್ರ ನೋಡಿದೆ. ಮಾಲು ಇಳಿಸಲು ಎರಡು ದಿನ ಕಾಯಬೇಕಾಯಿತು. ಕ್ಲೀನರನ್ನು ಕರೆದುಕೊಂಡು ಹೋಗಿ ಮೊಳಕಾಲ ತನಕ ನೀರಿನಲ್ಲಿ ನಿಂತೆ. ಅವನು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು 'ಇದಕ್ಕ ಇಷ್ಟ ಹೆಸರ ಯಾಕ ಐತಿ?' ಎಂದು ಉಗುಳಿದ.

ನಿನ್ನ ಪತ್ರವನ್ನು ಚಾಚಿಯ ಹೋಟೆಲಿನಲ್ಲಿ ಓದಿದೆ. ಓದಿದವನೇ ಎರಡು ಪ್ಲೇಟು ಮಿರ್ಚಿ ಭಜಿ ತಿಂದೆ. ಚಾಚಿ ಏನು ಲಾಟರಿ ಹತ್ತಿತೋ ಎಂದಳು. ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟೆ, ಹನುಮಪ್ಪನ ಹೊಟ್ಟೆ, ಮೀಸೆ, ಹೆಂಡತಿ, ಎಲ್ಲ. ಅವಳೂ ನಕ್ಕಳು. ಈ ಟ್ರಿಪ್ಪಿನಲ್ಲಿ ಲಾರಿ ನನ್ನ ಕೈಯ ಮಾತು ಕೇಳಿತು. ಕನ್ನಡಿಯಲ್ಲಿ ಬಾಡಿ ಕಂಡರೆ ಅದಕ್ಕೆ ಒಂದೂವರೆ ಗೇಣು ಕೂಡಿಸಿ ಜಾಗ ಬಿಡುತ್ತೇನೆ. ಈಗ ಅದು ತಾನಾಗಿಯೇ ಬರುತ್ತದೆ.

ಕೊಲ್ಹಾಪುರದಲ್ಲಿ ಜರಿ ಅಂಚಿನ ರುಮಾಲು ತೆಗೆದುಕೊಂಡಿದ್ದೇನೆ. ನಮ್ಮೂರು ಕರ್ಜಗಿಗೆ ಹೋದಾಗ ಅವ್ವನಿಗೂ ಹೇಳುತ್ತೇನೆ, ಹೋಳಿಗೆ ಮಾಡಿ ಕೊಡದೆ ಬಿಡುವವಳಲ್ಲ ನಮ್ಮವ್ವ ಗದಿಗೆವ್ವ. ಮಂಗಳವಾರ ೧೪ನೇ ತಾರೀಖು ಲೋಡು ತೆಗೆದುಕೊಂಡು ಬರುವಾಗ ಕರಿಕಟ್ಟಿಗೆ ಹೋಗಿ ಅಜ್ಜನ ಕಾಲು ಮುಟ್ಟಿ ನಾನೇ ಆ ಡ್ರೈವರು ಎಂದು ಹೇಳುತ್ತೇನೆ. ನಗುವ ಮನುಷ್ಯ, ಇನ್ನೊಮ್ಮೆ ನಗಲಿ. ಮನೆ ಯಾವ ಓಣಿಯಲ್ಲಿದೆ ಬರಿ. ನೀನು ಮಾಡಿದ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ.

ನಿನ್ನ ಉಡಚಪ್ಪ


ರಾಣೆಬೆನ್ನೂರು
೯ ಮಾರ್ಚ್ ೧೯೮೯ (ಕಾರ್ಡು)

ಉಡಚಪ್ಪ, ೧೪ಕ್ಕೆ ಹೋಗಬೇಡ. ಹನುಮಪ್ಪ ಊರಲ್ಲಿಲ್ಲ, ಮಗಳ ಊರಿಗೆ ಹೋಗಿದ್ದಾನಂತೆ. ಯಾವಾಗ ಬರುತ್ತಾನೋ ಗೊತ್ತಿಲ್ಲ. ನಾನು ಹೇಳುವವರೆಗೆ ಹೋಗಬೇಡ. ಲೋಡು ನಿಲ್ಲಿಸಿದರೆ ಸಾವುಕಾರರು ಬೈಯುತ್ತಾರೆ. ಸೋಮಣ್ಣ


ಹಾವೇರಿ
೧೩ ಮಾರ್ಚ್ ೧೯೮೯ (ಕಾರ್ಡು)

ಸೋಮಣ್ಣ, ಮಗಳ ಊರು ಯಾವುದು? ದಾರಿಯಲ್ಲಿದ್ದರೆ ಅಲ್ಲಿಗೇ ಹೋಗುತ್ತೇನೆ. ಇಲ್ಲದಿದ್ದರೆ ಮನೆಯಲ್ಲಿ ಹೆಂಡತಿ ಇರುತ್ತಾಳಲ್ಲ, ಹತ್ತು ವರ್ಷದಿಂದ ಬಡಕೊಂಡವಳು, ಅವಳ ಕೈಗೇ ಕೊಟ್ಟು ಬರಲೇ? ನಾಳೆ ನೀನು ಹೇಳಿದಂತೆ ಸೀದಾ ಮುಂಬೈಗೆ ಹೋಗುತ್ತೇನೆ. ೨೮ಕ್ಕೆ ಮಾತ್ರ ಯಾರಿದ್ದರೂ ಇಲ್ಲದಿದ್ದರೂ ಕರಿಕಟ್ಟಿಗೆ ಹೋಗುವವನೇ. ಉಡಚಪ್ಪ


ರಾಣೆಬೆನ್ನೂರು
೧೭ ಮಾರ್ಚ್ ೧೯೮೯

ಉಡಚಪ್ಪ,

ಇದನ್ನು ಚಾಚಿಯ ಮುಂದೆ ಓದಬೇಡ. ಹೊರಗೆ ಲಾರಿಯಲ್ಲಿ ಕೂತು ಓದು.

ಹನುಮಪ್ಪ ಎಂಬುವವನು ಇಲ್ಲ. ಹೊಟ್ಟೆ, ಮೀಸೆ, ಹೆಂಡತಿ, ಎಲ್ಲ ನಾನು ನಮ್ಮ ಗೊಬ್ಬರದ ಅಂಗಡಿಯ ಹಿಂದೆ ಚೀಲದ ಮೇಲೆ ಕೂತು ಕಟ್ಟಿದ್ದು. ಕರಿಕಟ್ಟಿಗೆ ಹೋಗಿರಲೇ ಇಲ್ಲ. ಬೇರೆ ಹಳ್ಳಿಗಳಲ್ಲೂ ಕೇಳಿರಲಿಲ್ಲ. ಬೀಡಾ ಅಂಗಡಿಯವನನ್ನು ಕೇಳಿದ್ದೊಂದು ಖರೇ.

ಯಾಕೆ ಹೋಗಲಿಲ್ಲ ಎಂದರೆ, ಒಂದು ಗೀರೂ ಬಿದ್ದಿಲ್ಲ ಎಂದು ಜಂಬ ಕೊಚ್ಚಿದೆನಲ್ಲ, ಅದೂ ಸುಳ್ಳು. ಜನವರಿಯಲ್ಲಿ ಕರಿಕಟ್ಟಿಯಲ್ಲಿ ರಿವರ್ಸ್ ತೆಗೆಯುವಾಗ ಬೇವಿನ ಗಿಡದ ಕಟ್ಟೆಗೆ ಹಿಂಬದಿ ಬಡಿದು ಎರಡು ಕಲ್ಲು ಜಾರಿ ಬಿದ್ದವು. ಊರಿನ ಹಿರಿಯರೆಲ್ಲ ಕೂರುವ ಕಟ್ಟೆ. ಯಾರೂ ನೋಡಲಿಲ್ಲ. ನಾನು ಗೇರು ಹಾಕಿ ಓಡಿಬಂದೆ. ಆಮೇಲೆ ಆ ಊರಿನ ಗೊಬ್ಬರವನ್ನು ಮೋಟೆಬೆನ್ನೂರಿನಲ್ಲೇ ಇಳಿಸಿ, ಚಕ್ಕಡಿ ತಂದು ಒಯ್ಯಿರಿ ಎಂದು ಹೇಳಿ ಕಳಿಸುತ್ತಿದ್ದೆ. ದಾರಿ ಕೆಟ್ಟಿದೆ ಎಂದು ನನ್ನ ಸಾವುಕಾರರಿಗೆ ಹೇಳಿದ್ದೆ. ಎರಡು ಕಲ್ಲಿಗೆ ಹೆದರಿದವನು ನಾನು. ನೀನು ಬೇಕಾದರೆ ನಗು.

ನೀನು ೨೮ಕ್ಕೆ ಹೋಗಿಯೇ ತೀರುತ್ತೇನೆ ಎಂದಾಗ ನಿದ್ದೆ ಕೆಟ್ಟಿತು. ಮೊನ್ನೆ ಬಸ್ಸಿಗೆ ಹೋಗಿ, ಹುಣಸೆ ಮರದ ಹತ್ತಿರ ಇಳಿದು ನಡೆದೆ. ಕಟ್ಟೆಯ ಕಲ್ಲು ಯಾರೋ ಯಾವಾಗಲೋ ಎತ್ತಿ ಕೂಡಿಸಿದ್ದಾರೆ. ಅದರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಆ ಮನುಷ್ಯ ಇದ್ದಾನೆ. ಬದುಕಿದ್ದಾನೆ, ಮೊದಲು ಅದನ್ನು ತಿಳಿದುಕೋ. ಹೆಸರು ಫಕ್ಕೀರಪ್ಪ, ಅರವತ್ತೆಂಟು. ದಿನಾ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿ ಮೋಟೆಬೆನ್ನೂರಿನ ಹೋಟೆಲುಗಳಿಗೆ ಹಾಕಿ ಬರುವುದು ಅವನ ಕೆಲಸ. ಅವತ್ತು ಬಸ್ಸು, ಲಾರಿ ಎರಡೂ ಬರುವುದನ್ನು ನೋಡಿ, ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ, ತಾನು ಪಕ್ಕದ ಮಣ್ಣಿನ ದಿಬ್ಬ ಹತ್ತಿ ನಿಂತಿದ್ದಾನೆ, ನಿಮಗೆ ದಾರಿ ಬಿಡಲು. ದಿಬ್ಬದ ಮೇಲೆ ನಿಂತದ್ದಕ್ಕೆ ತಲೆ ನಿನ್ನ ಲೋಡಿನ ಉಬ್ಬಿಗೆ ಸರಿಯಾಯಿತು. ಹಗ್ಗದ ಗಂಟು ರುಮಾಲು ಎಳೆಯಿತು, ಆಯ ತಪ್ಪಿ ದಿಬ್ಬದ ಆಚೆ ತಗ್ಗಿಗೆ ಉರುಳಿದ. ಭುಜದ ಎಲುಬು ಮುರಿದಿತ್ತು. ಕಟ್ಟು ಹಾಕಿಸಿದ್ದಾರೆ, ಕೂಡುತ್ತಿದೆ.

ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ಲಾರಿ ಬಡಿಯಿತು ಎಂದು ಅವನು ಹೇಳಿದ. ಮನೆಯವರು ನಂಬಲಿಲ್ಲ. ಸೈಕಲ್ಲಿಗೆ ಏನೂ ಆಗಿಲ್ಲ, ಹಾಲು ಚೆಲ್ಲಿಲ್ಲ, ಮೈಮೇಲೆ ಲಾರಿ ಬಡಿದ ಗುರುತಿಲ್ಲ. ರುಮಾಲು ಎಲ್ಲಿ ಎಂದರೆ ಲಾರಿ ಒಯ್ದಿತು ಎನ್ನುತ್ತಾನೆ. ಲಾರಿ ಮನುಷ್ಯನನ್ನು ಬಿಟ್ಟು ರುಮಾಲನ್ನು ಒಯ್ಯುತ್ತದೆಯೇ? ತಲೆ ತಿರುಗಿ ಬಿದ್ದಿದ್ದಾನೆ, ಬುದ್ಧಿ ನೆಟ್ಟಗಿಲ್ಲ, ಇನ್ನು ಒಬ್ಬನನ್ನೇ ಬಿಡಬಾರದು ಎಂದು ಮಕ್ಕಳು ತೀರ್ಮಾನಿಸಿದ್ದಾರೆ. ಹಾಲು ಬೇರೆಯವರಿಗೆ ವಹಿಸಿದ್ದಾರೆ. ಸೈಕಲ್ಲಿಗೆ ಬೀಗ. ಹೊಲಕ್ಕೆ ಹೋದರೂ ಸೊಸೆ ಚೌಡವ್ವ ಹಿಂದೆ ಹೋಗುತ್ತಾಳೆ. ಅವಳು ಕೆಟ್ಟವಳಲ್ಲ. ಚಾ ಕೊಡುತ್ತ ಮೆಲ್ಲಗೆ 'ನಮ್ಮ ಮಾವಗ ತಲಿ ಜರಾ ಹಂಗ ಆಗೇತ್ರಿ, ಏನರ ಅಂದ್ರ ಮನಸಿಗೆ ಹಚಗೋಬ್ಯಾಡ್ರಿ' ಎಂದಳು. ಅಜ್ಜ ಕೇಳಿಸಿಕೊಂಡ.

ಇನ್ನೊಂದು ಇದೆ, ಅದನ್ನು ಬರೆಯಲು ಮೂರು ಕಾಗದ ಹರಿದಿದ್ದೇನೆ. ನಾನು ಲಾರಿಯವನು ಎಂದು ಅವರಿಗೆ ಗೊತ್ತು. ಅಜ್ಜ ಎದ್ದು ಬಂದು ನನ್ನ ಮುಂದೆ ಕುಂತ. ಇಬ್ಬರು ಮಕ್ಕಳೂ ಅಲ್ಲೇ ಇದ್ದರು.

'ತಮ್ಮಾ, ನೀ ಲಾರಿ ಹೊಡಿಯಾಂವ ಅದಿ. ಇವರ ಮುಂದ ಒಂದ ಮಾತ ಹೇಳು. ಮೆಣಸಿನಕಾಯಿ ಲೋಡು ಬಾಡಿ ಬಿಟ್ಟು ಹೊರಗ ಉಬ್ಬತೈತೋ ಇಲ್ಲೋ?'

ನಾನು ಏನು ಹೇಳಿದೆ ಗೊತ್ತೇ? 'ನನಗ ಗೊತ್ತಿಲ್ಲಜ್ಜಾ, ನಾ ಗೊಬ್ಬರ ಹೊಡಿಯಾಂವ.'

ಹಿರೇಮಗ 'ಕೇಳಿದಿ ಅಲ್ಲಪ್ಪಾ, ಲಾರಿಯಾಂವಗ ಗೊತ್ತಿಲ್ಲಂತ' ಎಂದ. ಅಜ್ಜ ನನ್ನನ್ನು ಒಂದು ಗಳಿಗೆ ನೋಡಿ ಎದ್ದು ಒಳಗೆ ಹೋದ. ನಿನ್ನ ಹೆಸರು ಬೇಡ, ನನ್ನ ಹೆಸರು ಬೇಡ, ಹೌದು ಉಬ್ಬುತ್ತದೆ ಎಂದಿದ್ದರೆ ಸಾಕಿತ್ತು. ಒಂದು ಮಾತು ಹೇಳಿದರೆ ಉಳಿದದ್ದೆಲ್ಲ ಹೇಳಬೇಕಾಗುತ್ತದೆ ಎಂದು ಹೆದರಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗಿದೆ.

೨೮ಕ್ಕೆ ನೀನು ಹೋಗುವುದಾದರೆ ಬೆಳಿಗ್ಗೆ ಎಂಟಕ್ಕೆ ಮೋಟೆಬೆನ್ನೂರು ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಇಬ್ಬರೂ ಕೂಡಿಯೇ ಹೋಗೋಣ.

ಸೋಮಣ್ಣ


ಕರ್ಜಗಿ
೩೧ ಮಾರ್ಚ್ ೧೯೮೯

ಸೋಮಣ್ಣ,

ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತಿದ್ದೆ. ರಾಣೆಬೆನ್ನೂರಿನಿಂದ ಬಂದ ಮೂರೂ ಬಸ್ಸುಗಳ ಬಾಗಿಲು ನೋಡಿದೆ. ಲೋಡು ಬಿದ್ದಿರಬೇಕು, ಮೈಯಲ್ಲಿ ಆರಾಮವಿರಲಿಕ್ಕಿಲ್ಲ, ಇನ್ನೂ ಏನೇನೋ ನಿನ್ನ ಪರವಾಗಿ ನಾನೇ ಹೇಳಿಕೊಂಡೆ. ಆಮೇಲೆ ಹೊರಟೆ. ನಿನ್ನ ಪತ್ರ ಓದಿದ ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಎಂದರೆ, ನೀನು ಎದುರಿಗಿದ್ದರೆ ಹೊಡೆದೇಬಿಡುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಹನುಮಪ್ಪ ನನಗೆ ಬಹಳ ಸೇರಿದ್ದ.

ಲೋಡು ಇದ್ದ ಲಾರಿಯನ್ನೇ ಕರಿಕಟ್ಟಿಗೆ ತಿರುಗಿಸಿದೆ. ಕ್ಲೀನರು 'ಯಾಕ, ತಲಿ ಕೆಟ್ಟೈತೇನ ನಿನಗ' ಎಂದ. ಪೂರ್ತಿ ಹೇಳಿದೆ. ಅವನು ಬೈಯಲಿಲ್ಲ. ಕ್ಯಾಬಿನ್ನಿನಿಂದ ಇಳಿದು, ಲಾರಿಯ ಎಡಗಡೆ ನಡೆಯುತ್ತ ಊರಿನೊಳಗೆ ದಾರಿ ತೋರಿಸಿದ.

ಮನೆಯ ಕಟ್ಟೆಗೆ ಎಡಗಡೆ ಬರುವಂತೆ ನಿಲ್ಲಿಸಿದೆ. ಓಣಿಯ ಜನ ಕೂಡಿದರು. ಫಕ್ಕೀರಪ್ಪಜ್ಜ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ. ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ನಿನ್ನ ಹನುಮಪ್ಪನ ಹೊಟ್ಟೆಯೂ ಇಲ್ಲ, ಮೀಸೆಯೂ ಇಲ್ಲ, ಸಣಕಲು ಮನುಷ್ಯ. ನಾನು ಸೀಟಿನ ಕೆಳಗಿನಿಂದ ಹಳೆಯ ರುಮಾಲು ತೆಗೆದು ಎರಡೂ ಕೈಯಲ್ಲಿ ಹಿಡಿದು, 'ಅಜ್ಜಾ, ಇದನ್ನ ಒಯ್ದಾಂವ ನಾನ' ಎಂದೆ.

ಚೌಡವ್ವ ಬಾಯಿಗೆ ಸೆರಗು ಹಿಡಿದಳು. ಹಿರೇಮಗ ನಂಬದವನ ಹಾಗೆ ನೋಡುತ್ತಿದ್ದ. ಅವನನ್ನು ಕಟ್ಟೆಯ ಮೇಲೆ ನಿಲ್ಲಿಸಿ, 'ಬಾಡಿ ಎಲ್ಲೈತಿ ನೋಡ್ರಿ, ಲೋಡ ಎಲ್ಲೈತಿ ನೋಡ್ರಿ' ಎಂದೆ. ಅವನು ಗೇಣು ಇಟ್ಟು ಅಳೆದ. ಒಂದೂವರೆ ಗೇಣು. ಇನ್ನೊಮ್ಮೆ ಅಳೆದ. ಆಮೇಲೆ ಇಳಿದು ಬಂದು ನನ್ನ ಅಂಗಿ ಹಿಡಿದು ಕೈ ಎತ್ತಿದ. ನಾನು ಸುಮ್ಮನೆ ನಿಂತೆ.

'ಅವನ್ನ ಬಡೀಬ್ಯಾಡ' ಎಂದ ಅಜ್ಜ. 'ಏಳ ವಾರ ಆತು ನಾ ಹೇಳಿದ್ದನ್ನ ನೀ ನಂಬಲಿಲ್ಲ. ನಿನ್ನ ಯಾರ ಕಡಿಂದ ಬಡಸ್ಲಿ?'

ಹಿರೇಮಗ ಕಟ್ಟೆಯ ಮೇಲೆ ಕುಸಿದು ಕುಂತ. ಅಷ್ಟರಲ್ಲಿ ಚೌಡವ್ವ ಒಳಗೆ ಹೋಗಿ ಸೈಕಲ್ಲಿನ ಕೀಲಿಕೈ ತಂದು ಮಾವನ ಅಂಗಿಯ ಕಿಸೆಗೆ ಹಾಕಿದಳು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯಿಲ್ಲ.

ಅಜ್ಜ ನನ್ನನ್ನು ಕ್ಷಮಿಸಲಿಲ್ಲ. ಜರಿ ರುಮಾಲು ಕೊಡಲು ಹೋದರೆ ಬೇಡ ಎಂದ. ಹೋಳಿಗೆಯನ್ನು ಮೊಮ್ಮಕ್ಕಳಿಗೆ ಕೊಡಿಸಿದ, ತಾನು ಮುಟ್ಟಲಿಲ್ಲ. ಎಲ್ಲಿ ನೋಡಿದಿ ರುಮಾಲು ಎಂದು ಕೇಳಿದ. ಹಾವೇರಿಯಲ್ಲಿ, ಅವತ್ತೇ, ಎಂದೆ.

'ಹಾವೇರಿ ಇಲ್ಲಿಂದ ಹತ್ತ ಮೈಲ ಆಗತೈತಿ. ಬರಾಕ ಏಳ ವಾರ ಹಿಡೀತೇನ ತಮ್ಮಾ?'

ಅಷ್ಟರಲ್ಲಿ ನಾನು ನಾಲ್ಕು ಸಲ ಮುಂಬೈಗೆ ಹೋಗಿ ಬಂದಿದ್ದೆ.

ಲಾರಿ ಕರಿಕಟ್ಟಿಯಲ್ಲಿ ನಿಂತ ಸುದ್ದಿ ಮಧ್ಯಾಹ್ನದೊಳಗೆ ಬ್ಯಾಡಗಿ ಮುಟ್ಟಿತ್ತು. ಪರಮೇಶಪ್ಪನವರು ಬೇರೆ ಡ್ರೈವರನ್ನು ಹಾವೇರಿಗೆ ಕಳಿಸಿ ಲೋಡು ಮುಂದೆ ಒಯ್ಯಿಸಿದರು. ನಾನು ಅವರನ್ನು ಕಾಣಲು ಹೋದಾಗ 'ಯುಗಾದಿ ತನಕ ಮನ್ಯಾಗ ಕುಂದ್ರು, ಆಮ್ಯಾಲ ನೋಡೂಣು' ಎಂದರು. ನೋಡುತ್ತಾರೋ ಇಲ್ಲವೋ ಗೊತ್ತಿಲ್ಲ. ಲಾರಿ ಹೋದರೆ ಅವ್ವನ ಜೊತೆ ಹೊಲಕ್ಕೆ ಹೋಗಬೇಕು. ಸ್ಟೇರಿಂಗು ಇಲ್ಲದೆ ಕೈ ಸುಮ್ಮನಿರುವುದಿಲ್ಲ, ರೊಟ್ಟಿ ತಿನ್ನುವಾಗಲೂ ಗಂಗಾಳ ತಿರುಗಿಸುತ್ತಿದ್ದೇನೆ ಎಂದು ಅವ್ವ ಬೈಯುತ್ತಾಳೆ. ಆದರೂ ಮಲಗಿದರೆ ನಿದ್ದೆ ಬರುತ್ತಿದೆ.

ಒಂದು ಮಾತು ಉಳಿದಿದೆ. ನಾನು ಲಾರಿ ಹತ್ತುವಾಗ ಅಜ್ಜ ಬಾಗಿಲ ಹತ್ತಿರ ಬಂದು, ಮಕ್ಕಳಿಗೆ ಕೇಳದಂತೆ ಸಣ್ಣ ದನಿಯಲ್ಲಿ ಕೇಳಿದ.

'ಹದಿನೈದ ದಿನದ ಹಿಂದ ಆ ಗೊಬ್ಬರದ ಲಾರಿಯಾಂವ ಬಂದಿದ್ದ. ಲೋಡು ಉಬ್ಬತೈತೇನು ಅಂತ ಕೇಳಿದ್ರ ಗೊತ್ತಿಲ್ಲ ಅಂದ. ಅವಗ ಖರೇನ ಗೊತ್ತಿದ್ದಿಲ್ಲೇನು?'

ನಾನು ಬಾಯಿ ಬಿಡಲಿಲ್ಲ, ಸೋಮಣ್ಣ. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅಜ್ಜ ಕಾಯುತ್ತಿದ್ದಾನೆ. ನೀನೇ ಹೋಗಿ ಹೇಳು.

ಉಡಚಪ್ಪ